ನಲವತ್ತು ಜನಕ್ಕೆ ಒಂದೇ ಹೆಬ್ಬೆಟ್ಟು

"ಕೈ ಎತ್ತೇ. ಇನ್ನೂ ಮೇಲೆ. ಏಪ್ರನ್ ಬಿಚ್ಚಿ ಕೊಡವು, ಅದ್ರೊಳ್ಗೇ ಇಟ್ಕೊಂಡಿರ್ತೀರ ನೀವು ಲೌಡೀರು."

ಗೇಟಿನ ಮುಂದೆ ಕೈ ಎತ್ತಿ ನಿಂತವಳು ನನ್ನ ಚಿಕ್ಕಮ್ಮ. ಕೊಡವು ಎಂದವನು ನಮ್ಮ ಲಾಂಡ್ರಿಯ ಮ್ಯಾನೇಜರು. ಆಸ್ಪತ್ರೆ, ಹೋಟೆಲುಗಳ ಹೊಲಸು ಬಟ್ಟೆಯೆಲ್ಲ ಬಂದು ಬೀಳುವ ಜಾಗದಲ್ಲಿ ಮೂಗಿಗೆ ಕರ್ಚೀಫು ಒತ್ತಿಕೊಂಡು, ಮೈತುಂಬ ಸೆಂಟು ಹೊಡೆದುಕೊಂಡು ಓಡಾಡುವ ಆ ಪುಣ್ಯಾತ್ಮನಿಗೆ ನಾವು ಇಟ್ಟ ಹೆಸರೇ ಸೆಂಟು. ಅವನ ಒಂದು ಕೈಯಲ್ಲಿ ಕರ್ಚೀಫು, ಇನ್ನೊಂದರಲ್ಲಿ ಮೊಬೈಲು. ಮೊಬೈಲು ಚಿಕ್ಕಮ್ಮನ ಮುಖದ ನೇರಕ್ಕಿತ್ತು.

ಏಪ್ರನ್ನಿನಿಂದ ಬಿದ್ದದ್ದು ಎರಡು ಗೇಣು ಹರಕು ದಿಂಬಿನ ಬಟ್ಟೆ, ಕಸದ ಬುಟ್ಟಿಗೆ ಹೋಗಿದ್ದು. ಬ್ಲೀಚಿಂಗ್ ನೀರಿನಲ್ಲಿ ಒಡೆದ ಬೆರಳಿಗೆ ಸುತ್ತಿಕೊಳ್ಳಲು ತೊಳೆಯುವ ಹೆಂಗಸರೆಲ್ಲ ಅಂಥ ಚಿಂದಿ ಎತ್ತಿಟ್ಟುಕೊಳ್ಳುತ್ತಾರೆ. ಅದು ಸೆಂಟುವಿಗೂ ಗೊತ್ತು.

"ಏನಿದು? ಜೋರಾಗಿ ಹೇಳು, ಎಲ್ರಿಗೂ ಕೇಳ್ಲಿ."

"ಚಿಂದಿ ಸಾಮಿ. ಕಸದ್ದು."

"ಇವತ್ತು ಚಿಂದಿ, ನಾಳೆ ಬೆಡ್‌ಶೀಟು."

ಸಂಜೆ ಹೊತ್ತಿಗೆ ಆ ವಿಡಿಯೋ ಕಂಪನಿಯ ಪುಟದಲ್ಲಿತ್ತು. ಮೇಲೆ ದಪ್ಪ ಅಕ್ಷರದಲ್ಲಿ, 'ನಮ್ಮಲ್ಲಿ ಕಳ್ಳರಿಗೆ ಜಾಗವಿಲ್ಲ, ನಿಮ್ಮ ಬಟ್ಟೆ ನಮ್ಮಲ್ಲಿ ಭದ್ರ.' ಗಿರಾಕಿಗಳನ್ನು ಮೆಚ್ಚಿಸಲು ಮಾಡಿದ ಕೆಲಸ. ಕೆಳಗೆ ಗುರುತು ಪರಿಚಯವಿಲ್ಲದ ಜನರೆಲ್ಲ ಬಂದು ಉಗಿದಿದ್ದರು. ಒಬ್ಬ ಅವಳ ಮೈಯ ಬಗ್ಗೆ ಬರೆದಿದ್ದ, ಅದಕ್ಕೆ ನೂರಾರು ಜನ ನಕ್ಕಿದ್ದರು.

ಮಾರನೇ ದಿನ ಬಸ್‌ಸ್ಟಾಪಿನಲ್ಲಿ ನಮ್ಮ ಪಕ್ಕ ನಿಂತ ಗಂಡಸಿನ ಮೊಬೈಲಿನಿಂದ "ಚಿಂದಿ ಸಾಮಿ, ಕಸದ್ದು" ಎಂದು ಚಿಕ್ಕಮ್ಮನ ದನಿ ಬಂತು. ಅವನು ಮೊಬೈಲು ನೋಡಿದ, ಚಿಕ್ಕಮ್ಮನನ್ನು ನೋಡಿದ, ತನ್ನ ಚೀಲವನ್ನು ಆಚೆ ಹೆಗಲಿಗೆ ಹಾಕಿಕೊಂಡ. ಚಿಕ್ಕಮ್ಮ ಬಸ್ಸು ಹತ್ತಲಿಲ್ಲ. ಅಲ್ಲಿಂದಲೇ ವಾಪಸು ಹೋದವಳು ಆಮೇಲೆ ಮನೆಯ ಬಾಗಿಲು ದಾಟಲಿಲ್ಲ, ಬೀದಿ ನಲ್ಲಿಗೂ ಹೋಗಲಿಲ್ಲ.

ನಾಲ್ಕನೇ ದಿನ ನಾನು ಇಸ್ತ್ರಿ ಮೇಜು ಬಿಟ್ಟು ಸೆಂಟುವಿನ ರೂಮಿಗೆ ಹೋದೆ.

"ಅದನ್ನ ತೆಗ್ದುಬಿಡಿ ಸಾರ್. ನಮ್ಮ ಚಿಕ್ಕಮ್ಮ ಊಟ ಬಿಟ್ಟು ಮಲಗಿದಾಳೆ."

"ಯಾಕ್ ತೆಗೀಬೇಕು? ಅವಳೇ ಒಪ್ಪಿದಾಳಲ್ಲ." ಟ್ಯಾಬನ್ನು ನನ್ನ ಕಡೆ ತಿರುಗಿಸಿದ. "ನೋಡು. 'ನನ್ನ ಮುಖ, ದನಿ, ಚಿತ್ರವನ್ನು ಕಂಪನಿ ಎಲ್ಲಿ ಬೇಕಾದರೂ ಬಳಸಬಹುದು, ನನ್ನದೇನೂ ತಕರಾರಿಲ್ಲ.' ಕೆಳಗೆ ಅವಳ ಹೆಸರು, ಹೆಬ್ಬೆಟ್ಟು. ಕಾನೂನು ಪ್ರಕಾರ ಎಲ್ಲಾ ಸರಿಯಾಗಿದೆ."

ಹೆಬ್ಬೆಟ್ಟಿನ ಗುರುತು ನೋಡಿದೆ. ಒಂದೊಂದು ಗೆರೆಯೂ ಸ್ಪಷ್ಟವಾಗಿತ್ತು. ನಡುವೆ ಓರೆಯಾಗಿ ಒಂದು ಸುಟ್ಟ ಕಲೆ, ಇಸ್ತ್ರಿ ಪೆಟ್ಟಿಗೆ ತಗುಲಿದ್ದು. ಅದು ನನ್ನ ಹೆಬ್ಬೆಟ್ಟು.

ಆ ಟ್ಯಾಬ್ ಬಂದ ದಿನ ತೊಳೆಯುವವರು ಒಬ್ಬೊಬ್ಬರಾಗಿ ಬಂದು ಬೆರಳು ಒತ್ತಿದ್ದರು. ಪ್ರತಿ ಸಲವೂ ಕೆಂಪು ದೀಪ. ವರ್ಷಗಟ್ಟಲೆ ಬ್ಲೀಚಿಂಗ್ ನೀರಿನಲ್ಲಿ ಮುಳುಗಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದೀತು? ನಾನು ಒಣ ಬಟ್ಟೆಯವಳು. ನನ್ನ ಬೆರಳಿಗೆ ಹಸಿರು ದೀಪ ಹತ್ತಿ, "ಒಪ್ಪಿಗೆಯಾಗಿದೆ" ಎಂದು ಹೆಣ್ಣುದನಿಯೊಂದು ನುಡಿಯಿತು. ಆ ಯಂತ್ರ ಗೆರೆ ಇದೆಯೇ ಎಂದಷ್ಟೇ ನೋಡುತ್ತಿತ್ತು, ಯಾರ ಗೆರೆ ಎಂದು ನೋಡುತ್ತಿರಲಿಲ್ಲ. "ಎಲ್ರದ್ದೂ ನೀನೇ ಒತ್ತಿಬಿಡೆ, ಹಾಜರಿಗೆ ಅಷ್ಟೆ" ಎಂದು ಸೆಂಟು ನನ್ನ ಮುಂಗೈ ಹಿಡಿದು ಒತ್ತಿಸಿದ. ನಲವತ್ತು ಸಲ. ನಾನೋ, ದೊಡ್ಡ ಉಪಕಾರ ಮಾಡಿದೆನೆಂದು ಉಬ್ಬಿಹೋಗಿದ್ದೆ. "ಒಂದೇ ದಿನಕ್ಕೆ ನಲವತ್ತು ಮದ್ವೆಗೆ ಒಪ್ಪಿಗೆ ಕೊಟ್ಟೆ ಕಣ್ರೇ" ಎಂದು ಎಲ್ಲರನ್ನೂ ನಗಿಸಿದ್ದೆ. ಬುದ್ಧಿಗೇಡಿ ನಾನು.

"ಸಾರ್, ಇದು ನನ್ನ ಬೆರಳು. ನೀವೇ ಒತ್ತಿಸಿದ್ದು."

ಸೆಂಟು ಕರ್ಚೀಫು ಇಳಿಸಿ ನಕ್ಕ.

"ಹೌದಾ? ಇನ್ನೊಬ್ರ ಹೆಸರಲ್ಲಿ ಹೆಬ್ಬೆಟ್ಟು ಒತ್ತಿದ್ರೆ ಏನಂತಾರೆ ಗೊತ್ತಾ? ಫೋರ್ಜರಿ. ಅದೂ ಕಂಪ್ಯೂಟರಲ್ಲಿ, ನಲವತ್ತು ಸಲ. ಬಾಯಿಬಿಟ್ರೆ ಜೈಲಿಗೆ ಹೋಗೋಳು ನೀನು, ನಾನಲ್ಲ. ನಡಿ, ಇಸ್ತ್ರಿ ತಣ್ಣಗಾಗ್ತಿದೆ."

ಹೋದೆ. ಸುಳ್ಳು ಯಾಕೆ ಹೇಳಲಿ, ಹೆದರಿದೆ. ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಮೂರನೇ ದಿನ ತಡೆಯಲಾಗದೆ ಚಿಕ್ಕಮ್ಮನಿಗೆ ಹೇಳಿಬಿಟ್ಟೆ. ಗೋಡೆ ಕಡೆ ಮುಖ ಮಾಡಿ ಮಲಗಿದ್ದವಳು ಎದ್ದು ಕೂತಳು.

"ನನ್ನ ಮಾನಕ್ಕೆ ನೀನು ಒಪ್ಪಿಗೆ ಕೊಟ್ಯಾ?"

"ಹಾಜರಿಗೆ ಅಂದ, ಚಿಕ್ಕಮ್ಮ."

"ನಿನ್ನ ಮದ್ವೆ ಮಾಡೋವಾಗ ನಿಮ್ಮಮ್ಮ ನನ್ನ ಹತ್ರ ಬಂದು ಕೇಳಿದ್ಲು, ಹುಡುಗ ಒಪ್ಪಿಗೇನಾ ಅಂತ. ಎರಡು ದಿನ ಯೋಚ್ನೆ ಮಾಡಿ ಹೂಂ ಅಂದೆ. ಅಲ್ಲೀವರ್ಗೂ ನಿಮ್ಮಮ್ಮ ಯಾರಿಗೂ ಮಾತು ಕೊಡ್ಲಿಲ್ಲ. ಒಪ್ಪಿಗೆ ಅಂದ್ರೆ ಅದು ಕಣೆ. ಕೇಳ್ಬೇಕು, ಕೇಳಿ ಕಾಯ್ಬೇಕು. ಆ ಬೋಳಿಮಗ ಕೇಳಿದ್ನಾ? ಹೋಗ್ಲಿ, ನೀನಾದ್ರೂ ಕೇಳಿದ್ಯಾ?"

ನಾನು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಎದ್ದು ಚಪ್ಪಲಿ ಹುಡುಕಿದಳು.

ಆನ್‌ಲೈನಿನಲ್ಲಿ ಆದ ಅನ್ಯಾಯಕ್ಕೆ ದೂರು ತೆಗೆದುಕೊಳ್ಳುವ ಪೊಲೀಸ್ ಕಚೇರಿ ಮೂರನೇ ಮಹಡಿಯಲ್ಲಿತ್ತು. ಚಿಕ್ಕಮ್ಮ ದಾರಿಯುದ್ದಕ್ಕೂ ತಲೆಯ ಮೇಲಿನ ಬಟ್ಟೆಯನ್ನು ಕಣ್ಣಿನವರೆಗೆ ಎಳೆದುಕೊಂಡೇ ಬಂದಳು. ಅಧಿಕಾರಿ ನಮ್ಮನ್ನು ಎರಡು ಗಂಟೆ ನಿಲ್ಲಿಸಿದ. ಕಂಪನಿಗೆ ಫೋನು ಹೋಯಿತು, ಸೆಂಟು ಟ್ಯಾಬ್ ಹಿಡಿದು ಬಂದು ಕುರ್ಚಿ ಎಳೆದುಕೊಂಡು ಕೂತ. ಅವನಿಗೆ ಕಾಫಿ ಬಂದಮೇಲೆ ಅಧಿಕಾರಿ ಟ್ಯಾಬಿನಲ್ಲಿದ್ದ ಒಪ್ಪಿಗೆ ಪತ್ರ ನೋಡಿ ನಮ್ಮ ಕಡೆ ತಿರುಗಿದ.

"ನೋಡಮ್ಮ, ಒಪ್ಪಿಗೆ ಕೊಟ್ಟಮೇಲೆ ಪ್ರೈವೆಸಿ ಗಿವೆಸಿ ಅಂತ ಬಂದ್ರೆ ನಡೆಯಲ್ಲ. ಓದದೆ ಒತ್ತೋದು, ಕೆಟ್ಟ ಮೇಲೆ ಬುದ್ಧಿ ಬರೋದು. ನಿಮ್ಮೋರದ್ದು ಇದೇ ಆಯ್ತು."

ಚಿಕ್ಕಮ್ಮ ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. "ನಿಮ್ಮ ಹತ್ರಾನೂ ಮಿಷನ್ ಇದ್ಯಲ್ಲ ಸಾಮಿ. ಒತ್ತಿ ತೋರಿಸ್ಲಾ?"

ಒತ್ತಿದಳು. ಕೆಂಪು. ಅಧಿಕಾರಿ ಮಿಷನ್ ಒರೆಸಿ ಮತ್ತೆ ಒತ್ತಿಸಿದ. ಕೆಂಪು. ಹತ್ತು ಬೆರಳೂ ಆದವು. ಅವನು ಅವಳ ಕೈ ಮುಟ್ಟದೆ ಬಗ್ಗಿ ನೋಡಿದ.

"ಹಾಗಾದ್ರೆ ಪತ್ರದಲ್ಲಿರೋ ಹೆಬ್ಬೆಟ್ಟು ಯಾರ್ದು?"

ಸೆಂಟು ನನ್ನನ್ನು ನೋಡಿದ. ಬಾಯಿಬಿಟ್ಟರೆ ಏನಾಗುತ್ತದೆ ಎಂಬುದನ್ನು ಅವನು ಮತ್ತೆ ಹೇಳಬೇಕಾಗಿರಲಿಲ್ಲ.

"ನಂದು" ಎಂದೆ. "ನಲವತ್ತೂ ನಂದೇ. ತೆಗ್ದು ನೋಡಿ, ಎಲ್ಲದ್ರಲ್ಲೂ ಒಂದೇ ಸುಟ್ಟ ಕಲೆ ಇರತ್ತೆ."

ಅಧಿಕಾರಿ ಪೆನ್ನು ಕೆಳಗಿಟ್ಟ. "ಯೋಚ್ನೆ ಮಾಡಿ ಮಾತಾಡು. ಇದನ್ನ ಬರ್ಕೊಂಡ್ರೆ ಮೊದಲ್ನೇ ಆರೋಪಿ ನೀನೇ ಆಗ್ತೀಯ."

"ಆಗ್ಲಿ ಸಾರ್. ಮೊದಲ್ನೇ ಹೆಸರು ನಂದೇ ಬರೀರಿ. ಎರಡ್ನೇದು ನನ್ನ ಮುಂಗೈ ಹಿಡ್ದು ಒತ್ತಿಸಿದೋರದ್ದು. ಮೂರ್ನೇದು ಅವರಿಂದ ಅದನ್ನ ಮಾಡ್ಸಿದ ಕಂಪನಿದು. ಸಾಲಾಗಿ ಬರೀರಿ, ಬರೆಯೋವರ್ಗೂ ನಾನು ಇಲ್ಲೇ ಇರ್ತೀನಿ."

"ಇವಳಿಗೆ ತಲೆ ಕೆಟ್ಟಿದೆ. ನಂಗೆ ಮೀಟಿಂಗ್ ಇದೆ ಸಾರ್" ಎಂದು ಸೆಂಟು ಎದ್ದು ಟ್ಯಾಬನ್ನು ಚೀಲಕ್ಕೆ ತುರುಕತೊಡಗಿದ. ಅಷ್ಟರಲ್ಲಿ ಚಿಕ್ಕಮ್ಮ ಅವನು ಬಿಟ್ಟೆದ್ದ ಕುರ್ಚಿಯನ್ನು ದರದರನೆ ಎಳೆದುಕೊಂಡು ಹೋಗಿ, ಬಾಗಿಲಿಗೆ ಅಡ್ಡ ಹಾಕಿ, ಅದರ ಮೇಲೆ ಕೂತಳು. ತಲೆಯ ಮೇಲಿನ ಬಟ್ಟೆ ಹೆಗಲಿಗೆ ಜಾರಿತ್ತು. ಅವಳು ಅದನ್ನು ಎಳೆದುಕೊಳ್ಳಲಿಲ್ಲ.

"ಏಯ್, ಬಾಗಿಲು ಬಿಡಮ್ಮ" ಎಂದು ಅಧಿಕಾರಿ ಗದರಿದ.

"ಬಿಡ್ತೀನಿ ಸಾಮಿ. ಹೆಸರು ಬರ್ಸಿ ಹೋಗ್ಲಿ."