ಕೂರಲೊಲ್ಲದ ಬೀರು

ಬೀರು ಕೂರುವುದಿಲ್ಲ. ಬಸ್ಸಿನಲ್ಲಿ ಸೀಟುಗಳು ಖಾಲಿ ಬಿದ್ದಿದ್ದರೂ ಕಂಬಿ ಹಿಡಿದು ನಿಂತೇ ಪ್ರಯಾಣ ಮಾಡುತ್ತಾನೆ. ಆಸ್ಪತ್ರೆಗೆ ಹೋದರೆ ಬೆಂಚಿನ ಪಕ್ಕದ ಗೋಡೆಗೆ ಒರಗುತ್ತಾನೆ. ಊಟವನ್ನು ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆಯಿಟ್ಟುಕೊಂಡು ನಿಂತೇ ಮುಗಿಸುತ್ತಾನೆ. ಮಲಗುವುದು ಗೊತ್ತು, ನಿಲ್ಲುವುದು ಗೊತ್ತು. ನಡುವಿನ ಭಂಗಿಯೊಂದನ್ನು ಅವನ ದೇಹಕ್ಕೆ ಯಾರೂ ಕಲಿಸಿದಂತಿಲ್ಲ. "ಕೂತ್ಕೊಳ್ಳೋ ಪುಣ್ಯಾತ್ಮ, ನಿನ್ನ ನೋಡಿ ನೋಡಿ ನಮ್ಮ ಕಾಲು ನೋಯ್ತಿದೆ" ಎಂದು ಯಾರಾದರೂ ರೇಗಿದರೆ, ಸುಮ್ಮನೆ ನಗುತ್ತಾನೆ.

ಹೆತ್ತವರು ಇಟ್ಟ ಹೆಸರು ಬೇರೆ. ಪೀಠೋಪಕರಣದ ಅಂಗಡಿಯ ಕಬ್ಬಿಣದ ಬೀರುಗಳನ್ನು ಬೆನ್ನ ಮೇಲೆ ಹೊತ್ತು ಮಹಡಿ ಏರಿಸುವುದು ಅವನ ಕೆಲಸವಾದ್ದರಿಂದ, ಹೊರೆಯ ಹೆಸರು ಹೊತ್ತವನಿಗೇ ಅಂಟಿಕೊಂಡಿತು. ನಡಿಗೆಯೂ ಆ ಕೆಲಸದ್ದೇ: ಎಡಭುಜ ತುಸು ಕೆಳಕ್ಕೆ, ಪಾದ ಹೊರಕ್ಕೆ, ಸಮತಟ್ಟಾದ ನೆಲದ ಮೇಲೂ ಮೆಟ್ಟಿಲನ್ನು ತಡವುವಂತೆ ಮೊದಲು ಹೆಬ್ಬೆರಳು. ಮೈಮೇಲೆ ಸದಾ ಒಂದೇ ಕಂದು ಕೋಟು. ಅದರ ಹೆಗಲಿಗೆ ಸೋಫಾದಿಂದ ಉಳಿದ ಚರ್ಮದ ತೇಪೆ ಹಾಕಿ ಹೊಲಿದವಳು ಅವನ ಅಕ್ಕ. ಅವಳು ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೋಫಾಗಳಿಗೆ ಮೆತ್ತೆ ಹೊಲಿಯುತ್ತಾಳೆ. ತಮ್ಮ ಸಂಜೆಹೊತ್ತು ಬಾಕ್ಸಿಂಗ್ ಕಲಿಯತೊಡಗಿದ ಮೇಲೆ, ಕಣದ ಮೂಲೆಯಲ್ಲಿ ಅವನಿಗೆ ನೀರು ಕುಡಿಸುವ, ಬೆವರೊರೆಸುವ, ಸುತ್ತು ಮುಗಿದಾಗ ಸ್ಟೂಲ್ ಇಡುವ ಕೆಲಸವೂ ಅವಳ ಪಾಲಿಗೆ ಬಂತು. ಇಡುತ್ತಿದ್ದಳು, ಅವನು ಅದರ ಪಕ್ಕದಲ್ಲೇ ನಿಲ್ಲುತ್ತಿದ್ದ.

ಇಂಥವನಿಗೆ ಹೆವಿವೇಟ್ ಚಾಂಪಿಯನ್‌ನ ಎದುರು ಆಡುವ ಕರೆ ಬಂತು. ಯೋಗ್ಯತೆ ಕಂಡು ಬಂದ ಕರೆಯೇನಲ್ಲ. ಆಡಬೇಕಿದ್ದವನು ಅಭ್ಯಾಸದಲ್ಲಿ ಮಣಿಕಟ್ಟು ಮುರಿದುಕೊಂಡಿದ್ದ, ಟಿಕೆಟ್ಟುಗಳು ಆಗಲೇ ಮಾರಿಹೋಗಿದ್ದವು, ಯಾರಾದರೊಬ್ಬ ನಿಂತು ಏಟು ತಿನ್ನಬೇಕಿತ್ತು. ಸುದ್ದಿ ಬಂದದ್ದೇ ತಡ, ಬೀದಿಗೆ ಬೀದಿಯೇ ಪಂಡಿತರ ಸಭೆಯಾಯಿತು. ಕ್ಷೌರದಂಗಡಿಯವನು ಕತ್ತರಿ ಆಡಿಸುತ್ತಲೇ ಚಾಂಪಿಯನ್‌ನ ಎತ್ತರ, ತೋಳಿನ ಉದ್ದ, ವಯಸ್ಸು ಎಲ್ಲವನ್ನೂ ತೂಗಿ, "ಮೂರನೇ ಸುತ್ತು ದಾಟಿದ್ರೆ ನನ್ನ ಮೀಸೆ ನಾನೇ ಬೋಳಿಸ್ಕೋತೀನಿ" ಎಂದು ತೀರ್ಪು ಕೊಟ್ಟ. ಬೀರುವನ್ನೇ ಕೇಳಿದರೆ, ಜನ್ಮದಲ್ಲಿ ಅವನು ಕಲಿತ ಒಂದೇ ಉತ್ತರ: "ಮೇಲೆ ಹೋಗಿ ಮಾತಾಡೋಣ." ಹೊರೆ ಹೊತ್ತಾಗ ಬಾಗಿಲು ಯಾವ ಕಡೆ ಎಂದು ಕೇಳಿದರೂ ಅದೇ, ಆರೋಗ್ಯ ವಿಚಾರಿಸಿದರೂ ಅದೇ.

ಮೇಷ್ಟ್ರಿಗೆ ಮಾತ್ರ ಇದು ನಗುವ ಮಾತಾಗಿರಲಿಲ್ಲ. ಮೇಷ್ಟ್ರೆಂದರೆ ಅವನ ತರಬೇತುದಾರ. ತಾನೂ ಒಂದು ಕಾಲಕ್ಕೆ ಆಡಿ ಮೂಗು ಚಪ್ಪಟೆ ಮಾಡಿಕೊಂಡ ಮುದುಕ. ಹಿಂದಿನ ಪಂದ್ಯದಲ್ಲಿ ಐದು ವಿರಾಮಗಳನ್ನೂ ನಿಂತೇ ಕಳೆದವನನ್ನು, ಆರನೆಯದರಲ್ಲಿ ಈ ಮುದುಕ ಹೆಗಲು ಅದುಮಿ ಸ್ಟೂಲಿನ ಮೇಲೆ ಕೂರಿಸಿದ್ದ. ಗಂಟೆ ಹೊಡೆಯಿತು; ಬೀರು ಎದ್ದ, ಆದರೆ ಕಾಲುಗಳು ಅವನ ಜೊತೆ ಏಳಲಿಲ್ಲ. ಅಂದಿನಿಂದ ಇಬ್ಬರ ನಡುವೆ ಮುಗಿಯದ ವ್ಯಾಜ್ಯ. ಐದು ಸಲ ನಿಂತದ್ದಕ್ಕೇ ಬಿದ್ದ ಎಂದು ಮೇಷ್ಟ್ರು. ಒಂದು ಸಲ ಕೂತದ್ದಕ್ಕೇ ಬಿದ್ದೆ ಎಂದು ಬೀರು.

"ನೋಡಮ್ಮ," ಎಂದ ಮೇಷ್ಟ್ರು ಅಕ್ಕನಿಗೆ, "ಈ ಸಲ ಕೂರಲ್ಲ ಅಂದ್ರೆ ನಾನು ಮೂಲೆಗೆ ಬರಲ್ಲ. ನಾನಿಲ್ದೆ ಪಂದ್ಯಾನೂ ಇಲ್ಲ. ನೀನೇ ಒಪ್ಸು. ಎದುರಿಗಿರೋನು ಕೊಂದೇ ಹಾಕ್ತಾನೆ ಅವನನ್ನ."

ಅಕ್ಕನಿಗೆ ಅವನು ತಾಯಿಯಿಲ್ಲದ ಮನೆಯಲ್ಲಿ ಎತ್ತಿ ಆಡಿಸಿದ ತಮ್ಮ. ಮೇಷ್ಟ್ರು ಹೇಳಿದ್ದೇ ನಿಜವಾಗಿ, ತಾನು ತಮ್ಮನ ಹಟಕ್ಕೆ ತಲೆಯಾಡಿಸಿದರೆ? ಅಂದು ರಾತ್ರಿ ಕೇಳಿಯೇಬಿಟ್ಟಳು: "ಕೂತ್ರೆ ನಿನ್ನ ಗಂಟೇನೋ ಹೋಗೋದು?"

"ಕೂತ್ರೆ ಮತ್ತೆ ಏಳ್ಬೇಕಲ್ಲಕ್ಕಾ. ಆಮೇಲೆ ಅವನ ಜೊತೆ ಒಂದು ಜಗಳ, ನನ್ನ ಜೊತೆ ಇನ್ನೊಂದು."

ಅವಳಿಗೆ ಸಮಾಧಾನವಾಗಲಿಲ್ಲ.

ಪಂದ್ಯಕ್ಕೆ ಮುಂಚೆ ಪತ್ರಿಕೆಯವರ ಸಭೆ. ಚಾಂಪಿಯನ್‌ಗೆ ಎತ್ತರದ ಬೆನ್ನಿನ ಕುರ್ಚಿ, ಪಕ್ಕದಲ್ಲಿ ಬೀರುವಿಗೊಂದು ಪ್ಲಾಸ್ಟಿಕ್ ಕುರ್ಚಿ. ಅವನು ಕಂದು ಕೋಟಿನಲ್ಲಿ ಅದರ ಹಿಂದೆ ನಿಂತ. ಚಾಂಪಿಯನ್ ಮೈಕಿನ ಕಡೆ ಬಾಗಿ, "ಚಿಂತೆ ಬೇಡ, ನಾನೇ ಕೂರಿಸ್ತೀನಿ" ಎಂದ. ಸಭೆಗೆ ಸಭೆಯೇ ಗೊಳ್ಳೆಂದಿತು. ಬೀರು ಆ ದೊಡ್ಡ ಕುರ್ಚಿಯ ಕಾಲಿನ ಕಡೆ ಬೆರಳು ತೋರಿಸಿ, "ಅದರ ಮೊಳೆ ಸಡಿಲ ಆಗಿದೆ, ಜೋಪಾನ" ಎಂದ. ಚಾಂಪಿಯನ್ ನಗುತ್ತಲೇ ಒಮ್ಮೆ ಬಗ್ಗಿ ನೋಡಿಕೊಂಡ. ಹಿಂದಿನ ಸಾಲಿನಲ್ಲಿದ್ದ ಅಕ್ಕನಿಗೆ ಅದು ಹಾಲು ಕುಡಿದಷ್ಟು ಸಂತೋಷ ಕೊಟ್ಟಿತು.

ಮರುದಿನ ಒಂದು ಮನೆಯ ಮೇಲ್ಮಹಡಿಗೆ ಎರಡು ಕಬ್ಬಿಣದ ಬೀರುಗಳನ್ನು ಸಾಗಿಸಬೇಕಿತ್ತು. ಅಲ್ಲೇ ಒಂದು ಸೋಫಾಕ್ಕೆ ಮೆತ್ತೆ ಕೂರಿಸಲು ಅಕ್ಕನೂ ಹೋದಳು. ಇಕ್ಕಟ್ಟಾದ ಮೆಟ್ಟಿಲು. ಮುಂದೆ ಬೇರೊಂದು ಬೀರು ಹೊತ್ತಿದ್ದ ಜೊತೆಗಾರ, ತಮ್ಮನಿಗಿಂತ ಎಷ್ಟೋ ಚಿಕ್ಕವನು, ಗಟ್ಟಿಮುಟ್ಟಾದವನು, ನಡುವಿನ ತಿರುವಿನ ಅಗಲವಾದ ಜಾಗದಲ್ಲಿ ಹೊರೆ ಇಳಿಸಿ ಉಸಿರು ಬಿಟ್ಟ. "ನೀವೂ ಇಳಿಸಿ, ಸುಧಾರಿಸ್ಕೊಳ್ಳಿ" ಎಂದಳು ಮನೆಯೊಡತಿ. "ಮೇಲೆ ಹೋಗಿ ಮಾತಾಡೋಣ" ಎಂದು ತಮ್ಮ ಅವರನ್ನು ದಾಟಿಕೊಂಡು ಏರಿಯೇಬಿಟ್ಟ. ಅಕ್ಕ ಅಲ್ಲೇ ನಿಂತು ನೋಡಿದಳು. ಜೊತೆಗಾರ ಸುಧಾರಿಸಿಕೊಂಡ, ಹಲ್ಲು ಕಚ್ಚಿ ಎತ್ತಲು ಹೋದ. ತೊಡೆ ಗಡಗಡ ನಡುಗಿತು, ಹೊರೆ ಏಳಲಿಲ್ಲ. ಹಿಂದಿನ ಪಂದ್ಯದಲ್ಲಿ, ಸ್ಟೂಲಿನ ಮುಂದೆ ಮಂಡಿಯೂರಿ ನೀರು ಕುಡಿಸುವಾಗ ಅವಳು ತಮ್ಮನ ತೊಡೆಗಳಲ್ಲಿ ಕಂಡಿದ್ದು ಇದೇ ನಡುಕ. ಕೂರುವ ಮುಂಚೆ ಅದು ಇರಲಿಲ್ಲ. ಕೊನೆಗೆ ತಮ್ಮನೇ ಕೆಳಗಿಳಿದು ಬಂದು ಆ ಎರಡನೆಯದನ್ನೂ ಹೊತ್ತ.

ಪಂದ್ಯದ ದಿನ ಅಂಗಡಿಯ ವ್ಯಾನಿನ ಬಳಿ ಮೇಷ್ಟ್ರು ಮುಖ ಗಂಟಿಕ್ಕಿಕೊಂಡು ಕಾದಿದ್ದ.

"ಸ್ಟೂಲ್ ತಂದ್ಯಾ?"

ತಂದಿದ್ದಳು. ಕೆಂಪು ಚರ್ಮ ಹೊದಿಸಿ, ದಪ್ಪ ಮೆತ್ತೆಯಿಟ್ಟು ಹೊಸದಾಗಿ ಹೊಲಿದಿದ್ದಳು. ಮುದುಕನ ಮುಖ ಅರಳಿತು. "ಅಂತೂ ಒಪ್ಪಿಸ್ದೆ ಅನ್ನು!"

"ಇದು ನಿಮಗೆ ಮೇಷ್ಟ್ರೇ. ವಯಸ್ಸಾಯ್ತು, ನೀವು ಕೂತ್ಕೊಳ್ಳಿ. ಅವನು ನಿಂತಿರ್ತಾನೆ."

ಮೇಷ್ಟ್ರು ಬಾಯಿಗೆ ಬಂದದ್ದನ್ನೆಲ್ಲ ಬೈದ. ಸ್ಟೂಲನ್ನು ಒದೆಯಲು ಕಾಲೆತ್ತಿದವನು, ಹೊಲಿಗೆ ನೋಡಿ ಇಳಿಸಿದ. ವ್ಯಾನಿನೊಳಗೆ ಕಂದು ಕೋಟು ತೊಟ್ಟು, ಮೇಲಿನ ಕಂಬಿ ಹಿಡಿದು, ತಲೆ ಬಗ್ಗಿಸಿ ನಿಂತಿದ್ದವನನ್ನು ಒಂದಷ್ಟು ಹೊತ್ತು ದಿಟ್ಟಿಸಿದ. ಆಮೇಲೆ ತಾನೂ ಹತ್ತಿದ.

"ಗೆಲ್ತಾನೇನಮ್ಮ?" ಎಂದ, ಮೆಲ್ಲಗೆ.

ಅಕ್ಕ ಬಾಗಿಲೆಳೆದುಕೊಂಡಳು. "ಮೇಲೆ ಹೋಗಿ ಮಾತಾಡೋಣ, ಮೇಷ್ಟ್ರೇ."

ಇಂಥವರ ಗೆಲುವಿನ ಸಾಧ್ಯತೆಯನ್ನು ತೂಗುವವರು ತೂಗುತ್ತಲೇ ಇರಲಿ. ತಕ್ಕಡಿ ಅವರದು, ಬಾಯಿಯೂ ಅವರದು. ಆದರೆ ಜಗತ್ತಿನ ಮಹಡಿಗಳ ಮೇಲೆ ಇಂದು ನೆಮ್ಮದಿಯಾಗಿ ನಿಂತಿರುವ ಪ್ರತಿಯೊಂದು ಬೀರುವನ್ನೂ, ಇದು ಈ ಮೆಟ್ಟಿಲಲ್ಲಿ ಹೋಗುವುದಿಲ್ಲ ಎಂದು ಕೆಳಗೆ ನಿಂತವರು ವಾದಿಸುತ್ತಿದ್ದ ಹೊತ್ತಿನಲ್ಲೇ ಯಾರೋ ಒಬ್ಬ ಮೇಲೆ ತಲುಪಿಸಿದ್ದಾನೆ. ಇವರು ಸೋಲುವುದೇ ಇಲ್ಲವೆಂದಲ್ಲ. ಎಷ್ಟೋ ಸಲ ಸೋಲುತ್ತಾರೆ. ಆದರೆ ಇವರನ್ನು ಬೀಳಿಸಬೇಕಾದವರು ಬಂದು, ಬೆವರು ಸುರಿಸಿ ಬೀಳಿಸಬೇಕು. ತಾವಾಗಿಯೇ ಕೂತು ಅವರ ಕೆಲಸವನ್ನು ಹಗುರ ಮಾಡಿಕೊಡುವವರ ಪೈಕಿ ಇವರಲ್ಲ.