ಅಂಗಳ ಕಟ್ಟಿದ ಫಕೀರಪ್ಪನವರು

ಫಕೀರಪ್ಪನವರು ಯಾವ ಕಟ್ಟಡವನ್ನು ಹೊಕ್ಕರೂ ಮುಖವನ್ನು ಮೇಲಕ್ಕೆತ್ತಿಕೊಂಡೇ ಹೊಗುತ್ತಿದ್ದರು. ಅದು ಗೋಪುರವನ್ನು ಕಣ್ತುಂಬಿಕೊಳ್ಳುವ ಭಕ್ತನ ನೋಟವಲ್ಲ, ಮಾಳಿಗೆಯ ಬಿರುಕನ್ನು ಹುಡುಕುವ ಗೌಂಡಿಯ ನೋಟವೂ ಅಲ್ಲ. ಛಾವಣಿಗೆ ಅಂಟಿಕೊಂಡು ಹೋಗುವ ತಂತಿಗಳು ಎಲ್ಲಿ ಹುಟ್ಟಿ, ಯಾವ ಮೂಲೆಯಲ್ಲಿ ತಿರುಗಿ, ಯಾರ ಮೇಜಿನ ಬಳಿ ಇಳಿಯುತ್ತವೆ ಎಂಬುದನ್ನು ಕಣ್ಣಿನಿಂದ ಹಿಂಬಾಲಿಸುತ್ತ, ಕಾಲುಗಳನ್ನು ದೈವದ ಮೇಲೆ ಬಿಟ್ಟು ನಡೆಯುವುದು ಅವರ ರೀತಿ. ಪುಣೆಯ ಶಿವಾಜಿನಗರದಲ್ಲಿದ್ದ ನಮ್ಮ ಕಚೇರಿಗೆ ಅವರು ಮೊದಲ ಸಲ ಬಂದ ದಿನ ಆ ದೈವ ಕೈಕೊಟ್ಟಿತು. ಹಿರಿಯ ಜವಾನ ಬಾಳು ಚಹಾದ ಟ್ರೇ ಹಿಡಿದು ಎದುರಿಗೆ ಬಂದವನು, "ಅಹೋ ಸಾಹೇಬ, ಖಾಲಿ ಬಘಾ!" ಎಂದು, ಕೆಳಗೆ ನೋಡಿ ಎಂದು, ಕೂಗುವಷ್ಟರಲ್ಲಿ ಕಪ್ಪುಬಸಿಗಳೆಲ್ಲ ನೆಲಕ್ಕೆ ಬಿದ್ದಿದ್ದವು.

"ಅಯ್ಯ ಶಿವನ, ಕೈಗೆ ಸುಟ್ಟೀತೇನಪಾ?" ಎಂದು ಅಪ್ಪಟ ವಿಜಾಪುರ ಸೀಮೆಯ ಕನ್ನಡದಲ್ಲಿ ಕೇಳಿ, ಬಾಳುವಿಗೆ ತಿಳಿಯಲಿಲ್ಲವೆಂದು ಅದನ್ನೇ ಮರಾಠಿಯಲ್ಲಿ ಕೇಳಿ, ಮೊಣಕಾಲೂರಿ ಚೂರುಗಳನ್ನು ತಾವೇ ಆರಿಸತೊಡಗಿದ ಆ ಮನುಷ್ಯ ಮೇ ತಿಂಗಳ ಬಿಸಿಲಿನಲ್ಲೂ ದಪ್ಪನೆಯ ಕಂದು ಕೋಟು ತೊಟ್ಟಿದ್ದರು. ಕಾರಖಾನೆಗಳ ನಿಯಂತ್ರಣ ಕೊಠಡಿಗಳಲ್ಲಿ ಯಂತ್ರಗಳ ಸುಖಕ್ಕಾಗಿ ಹಗಲಿರುಳೂ ತಂಪು ಹರಿಸುತ್ತಾರೆ. ಆ ಚಳಿ ಇವರ ಎಲುಬಿಗೆ ಇಳಿದಿತ್ತು. ಒಳಗೆ ಬೇಕಾದ ಕೋಟನ್ನು ಹೊರಗೆ ಬಿಚ್ಚಿಡುವ ವ್ಯವಧಾನ ಇರಲಿಲ್ಲ. ಅದರ ಎರಡು ಕಿಸೆಗಳಲ್ಲೂ ಸೀಮೆಸುಣ್ಣದ ತುಂಡುಗಳು. ಹೇಳಬೇಕಾದದ್ದನ್ನು ಅವರು ಸಿಕ್ಕ ನೆಲದ ಮೇಲೆ ಕೂತು ಬರೆದು ತೋರಿಸುತ್ತಿದ್ದರು. ಸೊಲ್ಲಾಪುರ ರಸ್ತೆಯ ಕುರಕುಂಭದಲ್ಲಿದ್ದ ನಮ್ಮ ಕಾರಖಾನೆಯಲ್ಲಿ ಕಸಗುಡಿಸುವ ಹೆಂಗಸರು ಕೂಡ ಅವರ ಚೌಕಗಳನ್ನು ರಂಗೋಲಿಯಂತೆ ದಾಟಿ ಹೋಗುತ್ತಿದ್ದುದನ್ನು ನಾನು ಕಂಡಿದ್ದೇನೆ.

ಅವರನ್ನು ಕರೆಸಿದವರು ನಮ್ಮ ಮಾಲೀಕರಾದ ಮನೋಹರ ಶೆಟ್ಟರು. ಶೆಟ್ಟರ ತಂದೆ ತಾಳಿಕೋಟಿಯ ಕಡೆಯಿಂದ ಬಂದು ಬಣ್ಣದ ಪುಡಿಯ ವ್ಯಾಪಾರ ಮಾಡಿದವರು. ಮಗ ಕುರಕುಂಭದಲ್ಲಿ ಔಷಧಗಳಿಗೆ ಬೇಕಾಗುವ ರಸಾಯನಗಳ ಕಾರಖಾನೆ ಕಟ್ಟಿದ್ದರು. ನಾನು ಅವರ ಪುಣೆ ಕಚೇರಿಯಲ್ಲಿ ಖರೀದಿ ವಿಭಾಗದವನು. ಕಾರಖಾನೆ ಬೆಳೆದ ಹಾಗೆ ಅದರೊಳಗೆ ಒಂದು ವಿಚಿತ್ರ ಸಮಸ್ಯೆಯೂ ಬೆಳೆದಿತ್ತು. ರಸಾಯನ ಕುದಿಸುವ ಪಾತ್ರೆಗಳನ್ನು ನಡೆಸುವ ಗಣಕ ಒಂದು ಕಂಪನಿಯದು, ಬಾಯ್ಲರಿನದು ಇನ್ನೊಂದರದು, ಪ್ರಯೋಗಾಲಯದ್ದು ಮತ್ತೊಂದರದು, ಉಗ್ರಾಣದ್ದು ಯಾರೋ ಹೇಗೋ ಬರೆದುಕೊಟ್ಟದ್ದು. ಒಂದರ ಮಾತು ಒಂದಕ್ಕೆ ತಿಳಿಯದು. ತಿಳಿಯಬೇಕಾದಲ್ಲೆಲ್ಲ ಆ ಎರಡರ ನಡುವೆ ಮಾತ್ರ ಒಂದು ಪ್ರತ್ಯೇಕ ತಂತ್ರಾಂಶ ಬರೆಸಿದ್ದರು. ಹೊಸ ಯಂತ್ರವೊಂದು ಬಂದರೆ ಅದಕ್ಕೂ ಹಳೆಯ ಪ್ರತಿಯೊಂದಕ್ಕೂ ಮತ್ತೆ ಅದೇ ಪಾಡು.

ಇಂಥ ಯಂತ್ರಗಳ ನಡುವೆ ಮಾತು ಬೆಸೆಯುವುದೇ ಕಸಬಾಗಿದ್ದ ಫಕೀರಪ್ಪನವರು ಇದನ್ನೆಲ್ಲ ಕೇಳಿ ನಿಯಂತ್ರಣ ಕೊಠಡಿಯ ನೆಲದ ಮೇಲೆ ಒಂದು ವಾಡೆಯ, ಹಳೆಯ ಕಾಲದ ದೊಡ್ಡ ಮನೆಯ, ನಕ್ಷೆ ಬರೆದರು. ಸುತ್ತಲೂ ಖೋಲಿಗಳು, ಪ್ರತಿ ಖೋಲಿಯಿಂದ ಪ್ರತಿ ಖೋಲಿಗೆ ಗೋಡೆ ಕೊರೆದು ಮಾಡಿದ ಬಾಗಿಲುಗಳು. "ಇದು ನಿಮ್ಮ ಮನಿ ನೋಡ್ರಿ. ಇನ್ನೊಂದೆರಡು ಬಾಗಲಾ ಕೊರದ್ರ ಗ್ವಾಡಿನ ಉಳೂದಿಲ್ಲ," ಎಂದರು. ಆಮೇಲೆ ಕೋಟಿನ ತೋಳಿನಿಂದಲೇ ಆ ಬಾಗಿಲುಗಳನ್ನು ಒರೆಸಿ, ನಡುವೆ ದೊಡ್ಡದೊಂದು ಚೌಕ ಬರೆದರು. "ಗ್ವಾಡಿ ಒಡೀಬ್ಯಾಡ್ರಿ, ಅಂಗಳ ಕಟ್ರಿ. ಎಲ್ಲಾರೂ ಅಂಗಳಕ್ಕ ಬಂದು ತಮ್ಮ ಮಾತು ಒಮ್ಮೆ ಹೇಳ್ಲಿ. ಬೇಕಾದಾವ್ರು ಬಂದು ಕೇಳ್ಲಿ."

ಅವರು ಕಟ್ಟಿದ ತಂತ್ರಾಂಶದ ವಾಸ್ತುವೆಲ್ಲ ಈ ಮೂರು ವಾಕ್ಯಗಳಲ್ಲಿ ಇತ್ತು. ಆದರೆ ಅಂಗಳಕ್ಕೆ ಬರುವ ಪ್ರತಿ ಮಾತಿಗೂ ಅವರದೊಂದು ಕಟ್ಟಳೆ: ಬರಿಯ ಅಂಕಿ ಸಾಲದು, ಅದು ಯಾವುದರ ಅಂಕಿ, ಯಾವ ವೇಳೆಯದು, ಅದನ್ನು ನಂಬಬಹುದೋ ಇಲ್ಲವೋ ಎಂಬುದೂ ಜೊತೆಗೇ ಬರಬೇಕು. ಕುರಕುಂಭಕ್ಕೂ ಪುಣೆಗೂ ನಡುವಿನ ತಂತಿ ಕಡಿದು ಹೊಸ ಸುದ್ದಿ ಬರುವುದು ನಿಂತರೆ, ನಮ್ಮ ಕಚೇರಿಯ ಪರದೆಯ ಮೇಲಿನ ಹಸಿರು ಅಂಕಿಗಳು ಅಳಿಸಿಹೋಗಿ ಆ ಜಾಗ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಸೊಲ್ಲಾಪುರ ಹೆದ್ದಾರಿಯಲ್ಲಿ ಅಗೆತ ನಡೆದಿದ್ದ ಆ ಕಾಲದಲ್ಲಿ ತಂತಿ ಆಗಾಗ ಕಡಿಯುತ್ತಿತ್ತು.

ಯಂತ್ರಗಳಿಗೆ ವಿಧಿಸಿದ ಕಟ್ಟಳೆಯನ್ನು ಅವರು ಮನುಷ್ಯರಿಗೂ ವಿಧಿಸುತ್ತಿದ್ದುದೇ ಕಷ್ಟವಾಗಿತ್ತು. ಯಾರು ಏನು ಹೇಳಿದರೂ ಕತ್ತನ್ನು ತುಸು ಓರೆ ಮಾಡಿ, "ಇದು ಯಾರ ಮಾತ್ರಿ?" ಎನ್ನುವುದು ಅವರ ನಾಲಗೆಗೆ ಅಂಟಿಕೊಂಡಿತ್ತು. ನಮ್ಮ ಕನ್ನಡ ಬಳಗದ ರಾಜ್ಯೋತ್ಸವದ ಸಭೆಯಲ್ಲಿ ಕಾರ್ಯದರ್ಶಿಗಳು, ಈ ಸಲ ಸಭಾಂಗಣ ಸಾಲದಷ್ಟು ಜನ ಬರುತ್ತಾರೆ ಎಂದು ಉತ್ಸಾಹದಿಂದ ಸಾರಿದಾಗ ಹಿಂದಿನ ಸಾಲಿನಿಂದ ಈ ಪ್ರಶ್ನೆ ಎದ್ದು, ಉತ್ಸಾಹದ ಗಾಳಿಯೆಲ್ಲ ಇಳಿದುಹೋಯಿತು. ಫಕೀರಪ್ಪನವರ ಹೆಂಡತಿ ಸುಮಂಗಲಾ ಅವರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿದ್ದಾಗ ಊರಿನಿಂದ ಅತ್ತೆ ಶಿವಗಂಗವ್ವ ಫೋನು ಮಾಡಿ, "ಹೆಂಗದಾಳಪಾ ನನ್ನ ಮಗಳು?" ಎಂದು ಕೇಳಿದರಂತೆ. ಇನ್ನಾರಾದರೂ ಆಗಿದ್ದರೆ, ಆರಾಮ ಅದಾಳ್ರಿ ಎಂದು ಆ ಮುದುಕಿಯ ಎದೆಯ ಭಾರ ಇಳಿಸುತ್ತಿದ್ದರು. ಇವರು, "ಇನ್ನೂ ಗೊತ್ತಿಲ್ರಿ ಅತ್ತಿ. ನಾಳೆ ಡಾಕ್ಟರು ಹೇಳ್ತಾರ, ಹೇಳಿದ ಕೂಡ್ಲೆ ನಾನ ಫೋನ್ ಮಾಡ್ತೀನಿ," ಎಂದರು. ಶಿವಗಂಗವ್ವ ಅಂದೇ ಬಸ್ಸು ಹತ್ತಿ ಬಂದು, ಮಗಳು ಚೇತರಿಸಿಕೊಂಡು ಮನೆಗೆ ಬಂದ ಮೇಲೂ ಬಹಳ ದಿನ ಅಳಿಯನ ಜೊತೆ ಮಾತಾಡಲಿಲ್ಲ. ಸುಮಂಗಲಾ ಅವರು ಇದನ್ನು ನಗುತ್ತಲೇ ಹೇಳಿದರು, ಹೇಳಿ, "ನಮ್ಮ ಮನ್ಯಾಗ ಸಮಾಧಾನ ಸಿಗೂದು ತ್ರಾಸ್ ಅದರಿ. ಆದ್ರ ಸಿಕ್ರ ಖಾತ್ರಿ," ಎಂದು ಸೇರಿಸಿದರು.

ಶೆಟ್ಟರಿಗೂ ಇವರಿಗೂ ಮನಸ್ತಾಪ ಬಂದದ್ದು ಆ ಬೂದು ಬಣ್ಣದಿಂದಲೇ. ಹೊರದೇಶದ ಖರೀದಿದಾರರು ಕಾರಖಾನೆಯನ್ನೂ ಕಚೇರಿಯನ್ನೂ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಹೊಸ ಘಟಕ, ಒಪ್ಪದಿದ್ದರೆ ಇದ್ದ ಘಟಕದ ಅರ್ಧಕ್ಕೆ ಬೀಗ. ಪುಣೆಯಲ್ಲಿ ಕೂತೇ ಕುರಕುಂಭವನ್ನು ಕಾಣಬಹುದು ಎಂಬುದು ಶೆಟ್ಟರು ಅವರಿಗೆ ತೋರಿಸಬೇಕೆಂದಿದ್ದ ದೊಡ್ಡ ಚಮತ್ಕಾರ. ಫಕೀರಪ್ಪನವರನ್ನೂ ಅವರ ಕೈಯಲ್ಲಿ ಕೆಲಸ ಕಲಿತು ಪಾಲುದಾರನಾಗಿದ್ದ ಸ್ವಪ್ನಿಲನನ್ನೂ ಕರೆಸಿ, ನನ್ನೆದುರಿಗೇ ಹೇಳಿದರು.

"ಫಕೀರಪ್ಪ, ಮಂದಿ ಮುಂದ ಆ ಸ್ಕ್ರೀನ್ ಬೂದಿ ಬಡಕೊಂಡು ನಿಲ್ಲಬಾರ್ದು. ತಂತಿ ಕಡೀಲಿ, ಏನರೆ ಆಗ್ಲಿ. ಕಡೀಕ ಬಂದ ಅಂಕಿ ಹಂಗ ಹಸರಾಗಿ ಇರ್ಲಿ."

"ಅದು ಹಳೇ ಅಂಕಿ ಆಗ್ತದಲ್ರಿ."

"ಆದ್ರ ಆತು. ಯಾರಿಗೆ ಗೊತ್ತಾಗ್ತದ?"

"ಯಾರಿಗೂ ಗೊತ್ತಾಗೂದಿಲ್ರಿ," ಎಂದರು ಫಕೀರಪ್ಪನವರು. "ಅದಕ್ಕ ಬ್ಯಾಡ ಅನ್ನಾಕತ್ತೀನಿ."

ಶೆಟ್ಟರು ಸಿಟ್ಟಿಗೇಳುವ ಮನುಷ್ಯರಲ್ಲ. ಸಿಟ್ಟು ಬಂದಾಗ ಅವರ ದನಿ ಇನ್ನೂ ತಗ್ಗುತ್ತಿತ್ತು. "ನಮ್ಮ ಊರ ಕಡ್ಯಾವ ಅಂತ ನಿನ್ನ ಕರಿಸೀನಿ. ನೂರಾರು ಮಂದಿ ಹೊಟ್ಟಿ ಇದರ ಮ್ಯಾಲ ಅದ," ಎಂದರು. ಆ ಮಾತು ಸುಳ್ಳಾಗಿರಲಿಲ್ಲ. ಫಕೀರಪ್ಪನವರು, "ತಂತಿ ಕಡೀಲಾರದಂಗ ಇನ್ನೊಂದು ತಂತಿ ಎಳದು ಕೊಡ್ತೀನ್ರಿ, ನನ್ನ ಖರ್ಚಿನಾಗ. ಆದ್ರ ಗೊತ್ತಿಲ್ಲದ್ದನ್ನ ಗೊತ್ತದ ಅಂತ ಹೇಳೂ ಸ್ಕ್ರೀನ್ ನನ್ನ ಕೈಯಿಂದ ಆಗೂದಿಲ್ಲ," ಎಂದರು. ಇನ್ನೊಂದು ತಂತಿಗೆ ದೂರವಾಣಿ ಇಲಾಖೆಯ ಅನುಮತಿ ಬರುವಷ್ಟು ವೇಳೆ ಇರಲಿಲ್ಲ. ಕೊನೆಗೆ ಶೆಟ್ಟರು ಸ್ವಪ್ನಿಲನ ಕಡೆ ತಿರುಗಿದರು. ಆ ತರುಣ ತನ್ನ ಗುರುವಿನ ಮುಖ ನೋಡಲಾರದೆ, ತಾನು ಮಾಡಿಕೊಡುವುದಾಗಿ ಮರಾಠಿಯಲ್ಲಿ ಹೇಳಿದ. ಅವನಿಗೆ ಆಗಷ್ಟೇ ಮದುವೆಯಾಗಿತ್ತು, ಕೋಥರೂಡಿನಲ್ಲಿ ಮನೆ ಹಿಡಿದಿದ್ದ.

ಫಕೀರಪ್ಪನವರು ಆ ಮಧ್ಯಾಹ್ನವೇ ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ತಾವು ಕಟ್ಟಿದ್ದರ ಮೂಲೆಮೂಲೆಯನ್ನೂ ವಿವರಿಸಿ, ಎಲ್ಲವನ್ನೂ ಒಪ್ಪಿಸಿ, ನಮ್ಮ ಕೆಲಸವನ್ನು ಬಿಟ್ಟರು. ಹೊರಡುವಾಗ ನಾನು, ಇಷ್ಟೆಲ್ಲ ಯಾಕೆ ಹೇಳಿಕೊಟ್ಟಿರಿ ಎಂದು ಕೇಳಿದೆ. "ಕೆಡಸಾವ ತಿಳದು ಕೆಡಸ್ಲಿ. ತಿಳೀದ ಕೆಡಸಿದ್ರ ಮತ್ತ ಯಾರೂ ಸುಧಾರಸಾಕ ಆಗೂದಿಲ್ಲ," ಎಂದು ಕೋಟಿನ ಗುಂಡಿ ಹಾಕಿಕೊಂಡು, ಛಾವಣಿ ನೋಡುತ್ತಲೇ ಹೊರಟುಹೋದರು.

ಖರೀದಿದಾರರು ಬಂದರು. ಅವರ ಭೇಟಿಯ ನಡುವೆಯೇ ಒಮ್ಮೆ ತಂತಿ ಕಡಿಯಿತು. ಪರದೆ ಹಸಿರಾಗಿಯೇ ನಗುತ್ತಿತ್ತು. ಒಪ್ಪಂದವಾಯಿತು, ಹೊಸ ಘಟಕ ಎದ್ದಿತು, ಶೆಟ್ಟರು ಎಲ್ಲರಿಗೂ ಪೇಢೆ ಹಂಚಿಸಿದರು. ಹಠಮಾರಿಯದೇ ತಪ್ಪೆಂದು ಲೋಕ ತೋರಿಸಿಕೊಟ್ಟಿತು ಎಂದೇ ನಾವೆಲ್ಲ ತಿಳಿದೆವು. ಫಕೀರಪ್ಪನವರಾದರೋ ಇಂದಾಪುರದ ಕಡೆಯ ಒಂದು ಸಕ್ಕರೆ ಕಾರಖಾನೆಯ ಕೆಲಸ ಹಿಡಿದು, ಕಬ್ಬಿನ ಲಾರಿಗಳ ಹಿಂದೆ ತೆವಳುವ ಕೆಂಪು ಬಸ್ಸಿನಲ್ಲಿ ಓಡಾಡುತ್ತಿದ್ದರು. ಸ್ವಾರಗೇಟಿನಲ್ಲಿ ಒಮ್ಮೆ ಸಿಕ್ಕಾಗ ಮರುಕದಿಂದ ವಿಚಾರಿಸಿದೆ. ಅವರು ಮರುಕವನ್ನು ಗಮನಿಸಲೇ ಇಲ್ಲ. ಕಬ್ಬಿನ ತೂಕದ ಕಾಟಾಕ್ಕೂ ಅರೆಯುವ ಗಾಣಕ್ಕೂ ಮಾತು ಬೆಸೆದ ಕಥೆಯನ್ನು ಬಸ್ಸು ಹೊರಡುವವರೆಗೂ ಹೇಳಿದರು.

ನಮ್ಮಲ್ಲಿ ಯಾವ ಅನಾಹುತವೂ ಆಗಲಿಲ್ಲ. ಆದದ್ದು ಅದಕ್ಕಿಂತ ಚಿಕ್ಕದು, ನಾಚಿಕೆ ಹುಟ್ಟಿಸುವಂಥದು. ಒಂದು ದಿನ ಪರದೆಯ ಮೇಲೆ ದ್ರಾವಕದ ಟ್ಯಾಂಕು ಬರಿದಾಗಿದೆ ಎಂದು ಕಂಡು ನಾನು ಟ್ಯಾಂಕರು ತರಿಸಿದೆ. ಅದು ಕುರಕುಂಭದ ಗೇಟಿಗೆ ಬಂದು ನಿಂತಾಗ ಟ್ಯಾಂಕಿನಲ್ಲಿ ಚೊಂಬು ಸುರಿಯಲೂ ಜಾಗವಿರಲಿಲ್ಲ. ನಾನು ನೋಡಿದ್ದು ಹಿಂದಿನ ದಿನದ ಅಂಕಿ; ಅಷ್ಟರಲ್ಲಿ, ತಡವಾಗಿದ್ದ ಹಳೆಯ ಆರ್ಡರಿನ ಟ್ಯಾಂಕರು ಬಂದು ತುಂಬಿಹೋಗಿತ್ತು. ಟ್ಯಾಂಕರು ಮರಳಿ ಹೋಯಿತು. ಅಂದಿನಿಂದ ಪರದೆಯ ಮೇಲೆ ಏನು ಕಂಡರೂ ನಾನು ಫೋನೆತ್ತಿ, ಇದು ಖರೆಯೇ ಎಂದು ಕುರಕುಂಭವನ್ನು ಕೇಳತೊಡಗಿದೆ. ಲೆಕ್ಕದ ವಿಭಾಗದವರು ಕೇಳತೊಡಗಿದರು, ಮಾರಾಟದವರು ಕೇಳತೊಡಗಿದರು. ತಂತಿ ನೆಟ್ಟಗಿದ್ದ ದಿನವೂ, ಅಂಕಿಗಳೆಲ್ಲ ಸತ್ಯವಾಗಿದ್ದ ದಿನವೂ ಕೇಳುತ್ತಿದ್ದೆವು. ಗೊತ್ತಿಲ್ಲ ಎಂದು ಒಮ್ಮೆಯೂ ಹೇಳದ ಪರದೆ, ಗೊತ್ತಿದೆ ಎಂದಾಗಲೂ ಯಾರೂ ನಂಬದಂತಾಯಿತು.

ಕುರಕುಂಭದಲ್ಲಿ ನಮ್ಮ ಕರೆಗಳು ಹೋಗುತ್ತಿದ್ದ ಫೋನು ಪ್ರಯೋಗಾಲಯದ ಮುಖ್ಯಸ್ಥೆ ರಂಜನಾ ಅವರ ಮೇಜಿನ ಮೇಲೆ ಇತ್ತು. ತಿಂಗಳ ಸಭೆಯಲ್ಲಿ ಅವರು ಎದ್ದು ನಿಂತು, ಫೋನು ನಿಲ್ಲಿಸಲೆಂದು ತಂದ ವ್ಯವಸ್ಥೆಯಿಂದ ಫೋನು ಹೆಚ್ಚಾಗಿದೆ, ತಾನು ಪರೀಕ್ಷೆ ಮಾಡಬೇಕೋ ಪರದೆಗೆ ಸಾಕ್ಷಿ ಹೇಳಬೇಕೋ ತಿಳಿಸಿ ಎಂದು ಮರಾಠಿಯಲ್ಲಿ ಖಡಾಖಂಡಿತವಾಗಿ ಕೇಳಿದರು. ಶೆಟ್ಟರ ಪಕ್ಕದಲ್ಲಿದ್ದ ಸ್ವಪ್ನಿಲ, "ಸರ್‌ನಾ ಬೋಲವಾ," ಎಂದ: ಸರ್ ಅವರನ್ನು ಕರೆಯಿರಿ.

ಶೆಟ್ಟರು ಫೋನು ಮಾಡಲಿಲ್ಲ. ತಾವೇ ಫಕೀರಪ್ಪನವರ ಮನೆಗೆ ಹೋದರು, ನನ್ನನ್ನೂ ಕರೆದೊಯ್ದರು. ಸುಮಂಗಲಾ ಅವರು ಚುರುಮುರಿ ಕಲಸಿದ ಗಿರಮಿಟ್ಟಿನ ತಟ್ಟೆಗಳನ್ನು ಮುಂದಿಟ್ಟರು. ಶೆಟ್ಟರು ಒಂದು ತುತ್ತನ್ನೂ ತಿನ್ನದೆ, "ನನ್ನ ವ್ಯವಹಾರ ತಪ್ಪಲಿಲ್ಲ ಫಕೀರಪ್ಪ, ಆರ್ಡರ್ ಬಂತು. ಆದ್ರ ಈಗ ನನ್ನ ಸ್ಕ್ರೀನನ್ನ ನಾನ ನಂಬೂದಿಲ್ಲ. ಏನ್ ಮಾಡೂದು ಹೇಳು," ಎಂದರು.

"ಬೂದಿ ಬಣ್ಣ ತಿರುಗಿ ತರೂದ್ರಿ. ಮತ್ತೇನಿಲ್ಲ."

"ಆತು. ನಿನ್ನ ಕರಾರು ಏನು?"

"ಸ್ವಪ್ನಿಲ್ ನನ್ನ ಜೋಡಿ ಇರಬೇಕ್ರಿ. ಈಗ ಆ ವ್ಯವಸ್ಥಾ ಅವಗ ನನಗಿಂತ ಚಲೋ ಗೊತ್ತದ." ತಟ್ಟೆಯನ್ನು ಶೆಟ್ಟರತ್ತ ಸರಿಸಿ, "ಮತ್ತ ಗಿರಮಿಟ್ ತಿನ್ರಿ, ಮೆತ್ತಗಾಗಾಕತ್ತದ," ಎಂದರು.

ಅವರು ಮರಳಿ ಬಂದ ವರ್ಷ ಮಳೆಗಾಲ ಜೋರಾಗಿತ್ತು, ಪರದೆ ಮತ್ತೆ ಮತ್ತೆ ಬೂದಾಗುತ್ತಿತ್ತು. ಬೂದಾದಾಗ ಮಾತ್ರ ನಾವು ಫೋನು ಮಾಡುತ್ತಿದ್ದೆವು. ಹಸಿರಿದ್ದಾಗ ಕೆಲಸ ಮಾಡುತ್ತಿದ್ದೆವು. ಬರುಬರುತ್ತ ಎರಡನೆಯ ತಂತಿಯೂ ಬಂತು. ಶೆಟ್ಟರು ಅತಿಥಿಗಳಿಗೆ ಬೂದು ಚೌಕವನ್ನು ತಾವೇ ಬೆರಳಿಟ್ಟು ತೋರಿಸಿ ಹೆಮ್ಮೆಪಡುವಷ್ಟು ಬದಲಾದರು. ಆ ಹೆಮ್ಮೆಯಲ್ಲಿ ವ್ಯಾಪಾರವೆಷ್ಟು, ವಿವೇಕವೆಷ್ಟು ಎಂದು ಬೇರ್ಪಡಿಸುವ ಗೋಜಿಗೆ ನಾನು ಹೋಗಲಿಲ್ಲ.

ಇಂಥವರ ಜೊತೆ ಬಾಳುವುದು ಸುಲಭವಲ್ಲ. ಮದುವೆಮನೆಗಳಲ್ಲಿ, ಸಭೆಗಳಲ್ಲಿ, ಕಾಯಿಲೆಯ ಹಾಸಿಗೆಯ ಬಳಿಯಲ್ಲಿ ನಮಗೆ ಬೇಕಾಗುವುದು ಬೆಚ್ಚನೆಯ ಮಾತು. ಒಂದರ ಮಾತನ್ನು ಇನ್ನೊಂದಕ್ಕೆ ಮುಟ್ಟಿಸುವ ಕಾಯಕ ಹಿಡಿದವರು ದಾರಿಯಲ್ಲಿ ಆ ಬಿಸುಪನ್ನು ಬೆರೆಸಲೊಪ್ಪುವುದಿಲ್ಲ. ಹೊತ್ತ ಮಾತಿಗೆ ತಮ್ಮದೊಂದು ಚೂರನ್ನೂ ಕೂಡಿಸದೆ, ಅದರದೊಂದು ಚೂರನ್ನೂ ಕಳೆಯದೆ ಒಪ್ಪಿಸುತ್ತಾರೆ. ನಾವು ಅವರನ್ನು ಒಣ ಮನುಷ್ಯರೆಂದು ಜರೆದು ದೂರ ಕೂರಿಸುತ್ತೇವೆ. ಆದರೆ ಬದುಕಿನಲ್ಲಿ ಒಂದಲ್ಲ ಒಂದು ದಿನ, ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಎನ್ನುತ್ತಿರುವಾಗ ನಮ್ಮ ಎದೆ ಮಾತ್ರ ಒಪ್ಪದೆ ಕೂತಿರುತ್ತದೆ; ಆ ದಿನ ನಾವು ಎದ್ದು, ಊರಿಗೊಬ್ಬರಂತೆ ಇರುವ ಅಂಥವರ ಮನೆಯನ್ನು ಹುಡುಕಿಕೊಂಡು ಹೋಗುತ್ತೇವೆ. ಅವರ ಬಾಯಿಂದ ಬಂದದ್ದು ಕಹಿಯಾಗಿದ್ದರೂ, ಮರಳಿ ಬಂದು ಮಲಗಿದಾಗ ನಿದ್ದೆ ಹತ್ತುತ್ತದೆ.