ನಾಗರಾಜರ ಕೈಗುಣ

“ಕಸ್ಕೋಬೇಡಮ್ಮ,” ಎಂದರು ನಾಗರಾಜ.

ಹೌಸ್ ಸರ್ಜನ್ ಮುರಳಿಮೋಹನನ ಕೈಯಲ್ಲಿ ಸಿಕ್ಕಿಕೊಂಡಿದ್ದ ಸೂಜಿಯತ್ತ ಚಾಚಿದ ರಂಜಿತಳ ಬೆರಳುಗಳು ಗಾಳಿಯಲ್ಲೇ ನಿಂತವು. ಸರ್ಜರಿ ಪಿ.ಜಿ.ಯ ಕೊನೆಯ ವರ್ಷ ಅವಳಿಗೆ. ಹರ್ನಿಯಾವನ್ನು ಅವಳೇ ಅಚ್ಚುಕಟ್ಟಾಗಿ ಮುಗಿಸಿದ್ದಳು. ಉಳಿದದ್ದು ಚರ್ಮದ ಹೊಲಿಗೆ. ಅದನ್ನು ಮುರಳಿಗೆ ಬರೀ ಮಾತಿನಲ್ಲಿ ಕಲಿಸಬೇಕು, ಕೈ ಹಾಕುವಂತಿಲ್ಲ.

ನಿಯಮ ಮಾಡಿದವರು ಪ್ರೊಫೆಸರ್ ನಾಗರಾಜರೇ. ಹೋದ ತಿಂಗಳು, ಅವಳು ಕಲಿಸುತ್ತಿರುವಾಗಲೇ ನಡುವೆ ನುಗ್ಗಿ ಸೂಜಿ ಕಿತ್ತುಕೊಂಡಿದ್ದರು. “ಹಿಂಗಾದ್ರೆ ನಾನು ಕಲಿಸೋದು ಕಲಿಯೋದ್ಯಾವಾಗ ಸಾರ್?” ಎಂದಿದ್ದಳು. ಅವರು ಕಲಿಸಿದ ಇಪ್ಪತ್ತಾರು ವರ್ಷಗಳಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಅದಾದ ಮೇಲೆ ಹುಟ್ಟಿದ ನಿಯಮ ಅವರ ಕೈಗಳಿಗೂ ಅನ್ವಯಿಸುತ್ತಿತ್ತು.

ಗವಸು ತೊಟ್ಟ ಕೈಗಳನ್ನು ಎದೆಗೊತ್ತಿಕೊಂಡು ಅವರು ನಿಂತರು. ಈ ಕೈಗಳು ಇವತ್ತೊಂದು ದಿನ ಸುಮ್ಮನಿದ್ದರೆ ಸಾಕು.

“ಸಾರ್, ಇದೀರಾ?” ಪರದೆಯ ಆಚೆಯಿಂದ ರೋಗಿ ಕೋದಂಡರಾಮಪ್ಪನ ದನಿ. ಸೊಂಟದ ಕೆಳಗಷ್ಟೇ ಮರಗಟ್ಟಿತ್ತು, ಕಿವಿ ಚುರುಕಾಗಿತ್ತು.

“ಇಲ್ಲೇ ಇದೀನಪ್ಪ.”

“ಹೊಲೀತಿರೋದು ನೀವೇ ತಾನೆ?”

“ಇವರು ಮಾಡ್ತಾರೆ ಅಂತ ಬೆಳಿಗ್ಗೇನೇ ಹೇಳಿದ್ನಲ್ಲ?”

“ಹೇಳಿದ್ರಿ. ಆದ್ರೂ ಕೈ ನಿಮ್ದೇ ಅಲ್ವಾ? ಅದಕ್ಕೇ ತಾನೆ ಕ್ಯಾಲನೂರಿಂದ ನಿಮ್ಮನ್ನೇ ಹುಡುಕ್ಕೊಂಡು ಬಂದಿದ್ದು.”

“ಮಾತಾಡ್ಬೇಡ. ಉಸಿರು ಎಳ್ಕೋ.”

ಮುರಳಿಯ ಸೂಜಿ ಮತ್ತೆ ಸಿಕ್ಕಿಕೊಂಡಿತು. ನಾಗರಾಜರ ಬೆರಳುಗಳು ಮಿಸುಕಿದವು.

“ತಳ್ಳಬೇಡ ಕಣೋ,” ರಂಜಿತ ಮೆಲ್ಲಗೆ ಹೇಳಿದಳು. “ಮಣಿಕಟ್ಟು ತಿರುಗಿಸು. ಸೂಜಿ ಬಾಗಿದೆಯಲ್ಲ, ಅದರ ದಾರೀಲೇ ಬಿಡು.”

ಸೂಜಿ ಸಲೀಸಾಗಿ ಹೊರಬಂತು. ಮುರಳಿ ಮಾಸ್ಕಿನೊಳಗೇ ನಕ್ಕ.

ಅಷ್ಟು ಸರಳ ಮಾತು. ನಾಗರಾಜರು ಅದನ್ನು ಎಂದೂ ಆಡಿರಲಿಲ್ಲ. ಅದನ್ನು ಮಾತಿನಲ್ಲಿ ಹೇಳಬಹುದೆಂದೇ ಅವರಿಗೆ ಗೊತ್ತಿರಲಿಲ್ಲ. ನಿಜಕ್ಕೂ ಸಂತೋಷವಾಯಿತು. ನಾಲ್ಕನೇ ಹೊಲಿಗೆಯ ಹೊತ್ತಿಗೆ ಅವರಿಬ್ಬರೂ ಇವರನ್ನು ಮರೆತಿದ್ದರು. ಆ ಸಂತೋಷವೂ ಇತ್ತು. ಅದರ ಜೊತೆ ಇನ್ನೇನೋ ಇತ್ತು. ಅದರ ಹೆಸರು ಹುಡುಕಲು ಅವರು ಹೋಗಲಿಲ್ಲ.

ಸ್ಟ್ರೆಚರಿಗೆ ಸಾಗಿಸುವಾಗ ಕೋದಂಡರಾಮಪ್ಪ ನಾಗರಾಜರ ಗವಸಿನ ಕೈಗಳೆರಡನ್ನೂ ಹಿಡಿದು ಕಣ್ಣಿಗೊತ್ತಿಕೊಂಡ.

“ಏನೂ ಗೊತ್ತಾಗ್ಲಿಲ್ಲ ಸಾಮಿ. ನಿಮ್ಮ ಕೈಗುಣ.”

ರಂಜಿತ ಅವರತ್ತ ನೋಡಿದಳು. ಮುರಳಿಯೂ.

“ಸಾಯಂಕಾಲ ಗಂಜಿ ಕುಡಿ,” ಎಂದರು ನಾಗರಾಜ.

ಸ್ಟ್ರೆಚರ್ ಹೋಯಿತು. ಇಬ್ಬರೂ ಅದರ ಹಿಂದೆ ಹೋದರು. ನಾಗರಾಜರು ಗವಸು ಕಳಚಿದರು.

“ಒಂದು ಹನಿ ರಕ್ತ ಇಲ್ವಲ್ಲ ಸಾರ್,” ಎಂದಳು ಸಿಸ್ಟರ್ ಸುಂದರಾಬಾಯಿ.

“ಇಲ್ಲ.”

ಕೋದಂಡರಾಮಪ್ಪನ ಕಣ್ಣ ಪಸೆ ಮಾತ್ರ ಅಂಟಿತ್ತು. ಅವಳು ಆ ಗವಸುಗಳನ್ನು ಕೆಂಪು ಬಕೆಟ್ಟಿಗೆ ಹಾಕಿದಳು. ಆ ಇಬ್ಬರು ಕಳಚಿ ಹಾಕಿದ್ದ, ರಕ್ತ ಮೆತ್ತಿದ ನಾಲ್ಕು ಗವಸುಗಳ ಮೇಲೆ, ಗಾಳಿ ತುಂಬಿದ್ದ ಹತ್ತು ಬೆರಳುಗಳು, ಏನನ್ನೋ ಹಿಡಿಯಹೊರಟಂತೆ ನಿಂತಿದ್ದವು. ನಾಗರಾಜರು ನೋಡುತ್ತಿದ್ದ ಹಾಗೆ ಒಂದೊಂದಾಗಿ ಬಾಗತೊಡಗಿದವು.